ಡಾಕ್ಟರಿಕೆ ಕಲಿಯುವವರು ಗೊಂಬೆ ಮೇಲೆ ಪಾಸಾಗದೆ ರೋಗಿಯನ್ನು ಮುಟ್ಟಬಾರದಾ?

ಪರ

ಹೊಸ ಹೌಸ್ ಸರ್ಜನ್, ಅಂದರೆ ಎಂಬಿಬಿಎಸ್ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿಗೆ ನಿಂತವರು, ಮೊದಲ ಸಲ ಕ್ಯಾನುಲಾ (ಡ್ರಿಪ್ ಕೊಡಲು ನರಕ್ಕೆ ಇಳಿಸುವ ಸಣ್ಣ ನಳಿಕೆ) ಹಾಕುವುದು ಯಾರ ಕೈಗೆ? ಸ್ಪೆಷಲ್ ವಾರ್ಡಿನವರ ಕೈಗಂತೂ ಅಲ್ಲ. ಜನರಲ್ ವಾರ್ಡಿನ ಅಜ್ಜಿ ಮೂರು ಸಲ ಚುಚ್ಚಿಸಿಕೊಂಡು "ಇರ್ಲಿ ಬಿಡಪ್ಪ" ಅನ್ನುತ್ತಾರೆ. ಆ ಚುಚ್ಚುಗಳು ರಬ್ಬರ್ ತೋಳಿಗೆ ಬೀಳಬೇಕಿತ್ತು, ಅಷ್ಟೇ.

ಇದೇನು ಹೊಸದಲ್ಲ. ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲೇ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಉಳಿಸುವ ಕ್ರಮ) ಕಲಿಸುವ ಗೊಂಬೆ ತಂದರು. ದೊಡ್ಡವರ ಎದೆಯನ್ನು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪುಸ್ತಕ ಓದಿದರೆ ಇದು ಕೈಗೆ ಬರುತ್ತದಾ? ಉಸಿರಾಡುವವರ ಮೇಲೆ ಅಭ್ಯಾಸ ಮಾಡುವ ಹಾಗೂ ಇಲ್ಲ.

ಇನ್ನು ಅಪರೂಪದ ತುರ್ತುಗಳು. ಹೆರಿಗೆಯಲ್ಲಿ ಮಗುವಿನ ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ ಕೈಯಲ್ಲಿರುವುದು ಕೆಲವೇ ನಿಮಿಷ, ಆದರೆ ಹೆರಿಗೆ ವಾರ್ಡಿನ ಇಡೀ ಪೋಸ್ಟಿಂಗಿನಲ್ಲಿ ವಿದ್ಯಾರ್ಥಿ ಇದನ್ನು ಒಮ್ಮೆಯೂ ನೋಡದೆ ಹೋಗಬಹುದು. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಗೊಂಬೆ ಇಟ್ಟು ತರಬೇತಿ ಕೊಟ್ಟ ಮೇಲೆ, ಇಂಥ ಹೆರಿಗೆಗಳಲ್ಲಿ ಗಾಯಗೊಂಡ ಶಿಶುಗಳ ಪ್ರಮಾಣ ಶೇ 9.3ರಿಂದ ಶೇ 2.3ಕ್ಕೆ ಇಳಿಯಿತು. 2008ರಲ್ಲಿ ಪ್ರಕಟವಾದ ಲೆಕ್ಕ ಇದು.

ವಿರೋಧ

ಬ್ರಿಸ್ಟಲ್ ಲೆಕ್ಕ ಸರಿ. ಆದರೆ ಅಲ್ಲಿ ತರಬೇತಿ ಪಡೆದವರು ಅದಾಗಲೇ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರುಗಳು, ಸೂಲಗಿತ್ತಿ ನರ್ಸುಗಳು. ಅವರು ವಾರ್ಡು ಬಲ್ಲವರು. ವಾರ್ಡನ್ನೇ ನೋಡದ ಹುಡುಗರನ್ನು ಗೊಂಬೆ ಮುಂದೆ ತಡೆದು ನಿಲ್ಲಿಸಿ ಅನ್ನುವುದಕ್ಕೆ ಅದು ಸಾಕ್ಷಿ ಆಗುವುದಿಲ್ಲ ಅಲ್ವಾ?

ನಮ್ಮಲ್ಲಿ 2019ರ ಎಂಬಿಬಿಎಸ್ ಪಠ್ಯಕ್ರಮದ ಜೊತೆ ಸ್ಕಿಲ್ ಲ್ಯಾಬ್, ಅಂದರೆ ಗೊಂಬೆಗಳ ಮೇಲೆ ಕೈಕೆಲಸ ಕಲಿಸುವ ಕೋಣೆ, ಬಂತು. ಕಲಿಸುವವರು ಎಲ್ಲಿಂದ ಬರಬೇಕು? ಓಪಿಡಿ, ವಾರ್ಡು, ಆಪರೇಷನ್ ಥಿಯೇಟರ್ ಸುತ್ತಿ ಸುಸ್ತಾದ ಪಿಜಿ ಡಾಕ್ಟರೇ (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವವರು) ಅಲ್ಲೂ ನಿಲ್ಲಬೇಕು. ಬ್ಯಾಚ್ ಮೇಲೆ ಬ್ಯಾಚ್ ಚುಚ್ಚಿದ ರಬ್ಬರ್ ತೋಳಿನಲ್ಲಿ ತೂತು ಎದ್ದು ಕಾಣುತ್ತಿರುತ್ತದೆ. ಸೂಜಿಯನ್ನು ಅಲ್ಲೇ ಇಳಿಸಿದರೆ ಕೆಂಪು ನೀರು ಬಂತು, ಪಾಸ್! ಪರೀಕ್ಷೆಯಲ್ಲಿ "ಸರ್, ಕೈ ತೊಳೆದುಕೊಂಡೆ" ಎಂದು ಬಾಯಲ್ಲಿ ಹೇಳಿದರೆ ಅದಕ್ಕೂ ಮಾರ್ಕ್ಸು. "ನೋವಾಗ್ತಿದೆಯಾ ಅಮ್ಮ?" ಅಂತ ಪ್ಲಾಸ್ಟಿಕ್ಕನ್ನು ಕೇಳಿದರೆ ಇನ್ನೊಂದು.

ಅದೇ ಹುಡುಗ ಭೇದಿಯಾಗಿ ನೀರೆಲ್ಲ ಹೋದ ಮಗುವಿನ ಮುಂದೆ ನಿಲ್ಲಲಿ. ನರ ಸಿಗುವುದಿಲ್ಲ, ಮಗು ಕೈ ಎಳೆಯುತ್ತದೆ, ತಾಯಿ ಅಳುತ್ತಾಳೆ, ಹಿಂದಿನಿಂದ ಯಾರೋ ಬೈಯುತ್ತಾರೆ. ಇದನ್ನೆಲ್ಲ ಯಾವ ಲ್ಯಾಬ್ ಕಲಿಸುತ್ತದೆ?

ಅಜ್ಜಿಗೆ ಆಗುವ ಅನ್ಯಾಯ ನಿಜವೇ. ಪಕ್ಕದಲ್ಲಿ ಸೀನಿಯರ್ ಇಲ್ಲದ್ದರಿಂದ ಆಗುವ ಅನ್ಯಾಯ ಅದು. ಮೊದಲು ಅಜ್ಜಿಯ ಒಪ್ಪಿಗೆ ಕೇಳಲಿ, ಸೀನಿಯರ್ ಹತ್ತಿರವೇ ನಿಲ್ಲಲಿ, ಮೊದಲ ಚುಚ್ಚು ತಪ್ಪಿದರೆ ಎರಡನೆಯದನ್ನು ಸೀನಿಯರೇ ಚುಚ್ಚಲಿ. ನಿಯಮ ಮಾಡುವುದಿದ್ದರೆ ಇದನ್ನು ಮಾಡಿ.