ಸತ್ಯಾಂಶ: ಪಶ್ಚಿಮಕ್ಕೆ ಹಾರುವ ವಿಮಾನ ಬೇಗ ತಲುಪುತ್ತದೆಯೇ?

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಲಂಡನ್‌ನಿಂದ ಪಶ್ಚಿಮಕ್ಕೆ ಹೊರಟ ವಿಮಾನದ ಕಡೆಗೆ ನ್ಯೂಯಾರ್ಕ್ ತಾನೇ ಸರಿದು ಬರುತ್ತದೆ, ಹೀಗಾಗಿ ಆ ಪ್ರಯಾಣ ಬೇಗ ಮುಗಿಯುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ನೆಲದ ಮೇಲೆ ನಿಂತಿರುವಾಗಲೇ ವಿಮಾನವೂ ಅದರ ಸುತ್ತಲಿನ ಗಾಳಿಯೂ ಭೂಮಿಯೊಂದಿಗೆ ತಿರುಗುತ್ತಿರುತ್ತವೆ. ಮೇಲೇರಿದ ಮಾತ್ರಕ್ಕೆ ಆ ವೇಗ ಕಳೆದುಹೋಗುವುದಿಲ್ಲ.

ವಾಸ್ತವದಲ್ಲಿ, ಸುಮಾರು 5,550 ಕಿಲೋಮೀಟರ್‌ಗಳ ಈ ಹಾದಿಯಲ್ಲಿ ಪಶ್ಚಿಮಕ್ಕೆ ಹೋಗುವಾಗಲೇ ಸಾಮಾನ್ಯವಾಗಿ ಒಂದು ಗಂಟೆಯಷ್ಟು ಹೆಚ್ಚು ಸಮಯ ಹಿಡಿಯುತ್ತದೆ, ಏಕೆಂದರೆ ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿ ವಿಮಾನಕ್ಕೆ ಎದುರಾಗುತ್ತದೆ. ಈ ಗಾಳಿಯ ದಿಕ್ಕನ್ನು ರೂಪಿಸುವಲ್ಲಿ ಭೂಮಿಯ ತಿರುಗುವಿಕೆಗೆ ಪಾತ್ರವಿದೆ ಎಂಬುದು ನಿಜ, ಆದರೆ ಸಂದೇಶ ಹೇಳುವ ರೀತಿಯಲ್ಲಿ ಅಲ್ಲ. 2020ರ ಫೆಬ್ರವರಿಯಲ್ಲಿ ಇದೇ ಗಾಳಿಯ ಬಲದಿಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷಗಳಲ್ಲಿ ತಲುಪಿತು.