ಹಾಸನಕ್ಕೆ ಬೇಕಿರುವುದು ಕಟ್ಟಡ ಅಲ್ಲ, ಮೊದಲ ಗಿರಾಕಿ

ಸ್ಟಾರ್ಟಪ್ ಮಾಡೋಕೆ ಬೆಂಗಳೂರು ಮೇಲಾ, ಹೈದರಾಬಾದ್ ಮೇಲಾ, ಪುಣೆನಾ ಅನ್ನುವ ಜಗಳ ಮತ್ತೆ ಶುರುವಾಗಿದೆ. ಬಾಡಿಗೆ, ಟ್ರಾಫಿಕ್, ಮೆಟ್ರೋ, ಹವೆ, ಎಲ್ಲಾ ಲೆಕ್ಕಕ್ಕೆ ಬರುತ್ತಿದೆ. ಹೈದರಾಬಾದಿನವರು 2015ರಲ್ಲಿ ಶುರುವಾದ ಟಿ-ಹಬ್ ಅನ್ನುವ ಸ್ಟಾರ್ಟಪ್ ಕೇಂದ್ರ ತೋರಿಸುತ್ತಾರೆ. ಆದರೆ ಗಿರಾಕಿ ಯಾರು, ಎಲ್ಲಿದ್ದಾನೆ ಅನ್ನೋದನ್ನ ಯಾರೂ ಕೇಳುತ್ತಿಲ್ಲ.

ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದು ಪುಣೆಯಲ್ಲಿ. 1983ರಲ್ಲಿ ಬೆಂಗಳೂರಿಗೆ ಬಂತು, ಯಾಕೆಂದರೆ ಅವರ ಕೆಲಸ ಕೊಂಡ ಮೈಕೋ ಕಂಪನಿ (ಈಗಿನ ಬಾಷ್) ಇದ್ದದ್ದು ಅಲ್ಲಿ. ಪುಣೆಯ ಹವೆ ಕೆಟ್ಟದಾಗಿತ್ತು ಅಂತ ಅಲ್ಲ! ಬೆಂಗಳೂರಿನ ಇನ್ನೊಂದು ಬಲ ಅಂದರೆ ಅಲ್ಲಿ ಒಂದು ಕಂಪನಿ ಇನ್ನೊಂದಕ್ಕೆ ಜನ್ಮ ಕೊಡುತ್ತದೆ. ಫ್ಲಿಪ್‌ಕಾರ್ಟ್ 2007ರಲ್ಲಿ ಶುರುವಾಯಿತು, ಅಲ್ಲಿ ಕೆಲಸ ಮಾಡಿದವರೇ 2015ರಲ್ಲಿ ಫೋನ್‌ಪೇ ಕಟ್ಟಿದರು. ಒಂದು ಮುಚ್ಚಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಕೆಲಸ ಸಿಗುತ್ತದೆ, ಅದಕ್ಕೇ ಹುಡುಗರು ಧೈರ್ಯ ಮಾಡುತ್ತಾರೆ. ಹಾಸನದಲ್ಲಿ ಆ ಧೈರ್ಯ ಇಲ್ಲ. ಹಾಗಾಗಿ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು 1960ರಿಂದ ಇದ್ದರೂ ಓದಿದವರು ರೈಲು ಹತ್ತಿ ಹೋಗುತ್ತಾರೆ. ಅವರನ್ನ ಬೈಯೋದು ತಪ್ಪು.

ಹಾಗಂತ ಸಣ್ಣ ಊರಲ್ಲಿ ಆಗಲ್ಲ ಅನ್ನೋದೂ ಸುಳ್ಳು. ಉಡುಪಿಯಲ್ಲಿ 1996ರಲ್ಲೇ ರೋಬೋಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ ಶುರುವಾಯಿತು. ಸಾಫ್ಟ್‌ವೇರ್ ಕಂಪನಿ ಜೋಹೋ 2011ರಲ್ಲಿ ತಮಿಳುನಾಡಿನ ತೆಂಕಾಸಿ ಹತ್ತಿರದ ಹಳ್ಳಿಗೆ ಹೋಯಿತು.

ಈಗ ನಮ್ಮ ಕಡೆ ನೋಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಸುತ್ತ ಕಾಫಿ ತೋಟ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬೀಳುತ್ತದೆ ಅಂತ ಇಡೀ ಊರು ಆಕಾಶ ನೋಡುತ್ತಾ ಕೂರುತ್ತದೆ. ನಿಮ್ಮಲ್ಲಿ ಎಷ್ಟು ಇಂಚು, ನಮ್ಮಲ್ಲಿ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಕೇಳಿಕೊಳ್ಳುವ ಜನ ನಾವು, ಒಂದು ಗುಡ್ಡದ ಈ ಕಡೆ ಮಳೆ, ಆ ಕಡೆ ಒಣಗು, ಆದರೂ ಪ್ರತಿ ತೋಟದ ಮಳೆಯನ್ನ ತಾನೇ ಅಳೆದು ಒಟ್ಟಿಗೆ ಇಡುವ ಅಗ್ಗದ ಯಂತ್ರ ಎಷ್ಟು ತೋಟದಲ್ಲಿದೆ? ಕಣದಲ್ಲಿ ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗಿತಾ ಇಲ್ಲವಾ ಅಂತ ಇವತ್ತಿಗೂ ಎಷ್ಟೋ ಜನ ಕೈಯಲ್ಲಿ ಅಲ್ಲಾಡಿಸಿ ಸದ್ದು ಕೇಳಿ ಹೇಳುತ್ತಾರೆ. ಮಾರುವಾಗ ಔಟ್‌ಟರ್ನ್ (ಒಣ ಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ಕಡಿಮೆ, ತೇವ ಜಾಸ್ತಿ ಅಂತ ವ್ಯಾಪಾರಿ ಹೇಳಿದ್ದೇ ರೇಟು. ಇನ್ನು ಆನೆ. ಬೆಳಿಗ್ಗೆ ಕೆಲಸಕ್ಕೆ ಬರುವ ಹೆಂಗಸರಿಗೆ ಆನೆ ಯಾವ ತೋಟದಲ್ಲಿ ನಿಂತಿದೆ ಅಂತ ಮೊದಲೇ ಗೊತ್ತಾಗಬೇಕು, ಅದು ಜೀವದ ಪ್ರಶ್ನೆ. ಇದನ್ನೆಲ್ಲ ಬೆಂಗಳೂರಿನ ಕೋರಮಂಗಲದಲ್ಲಿ ಕೂತು ಮಾಡೋಕೆ ಆಗಲ್ಲ. ನೆಟ್‌ವರ್ಕ್ ಇಲ್ಲದ ಇಳಿಜಾರಲ್ಲಿ, ಒಂದು ಮಳೆಗಾಲ ಪೂರ್ತಿ ನೆನೆದು ನಿಂತು ನೋಡಿದರೆ ಮಾತ್ರ ಯಂತ್ರ ಬದುಕುತ್ತದಾ ಅಂತ ಗೊತ್ತಾಗುತ್ತದೆ.

ಹಾಗಾಗಿ ನಾನು ಕೇಳೋದು ಐಟಿ ಪಾರ್ಕ್ ಅಲ್ಲ. ತೋಟದವರು, ಬೆಳೆಗಾರರ ಸಂಘದವರು, ಸೊಸೈಟಿಯವರು ಈ ಸಲ ಊರಿನ ಹುಡುಗರು ಮಾಡಿದ್ದನ್ನ ದುಡ್ಡು ಕೊಟ್ಟು ಕೊಳ್ಳಬೇಕು. ಸುಮ್ನೆ ಟ್ರಯಲ್‌ಗೆ ಕೊಡಿ ಅನ್ನಬಾರದು. ಕೆಟ್ಟರೆ ಫೋನ್ ಮಾಡಿ ಬೈಯಿರಿ, ಅವರು ಬೈಕ್ ಹತ್ತಿ ಅರ್ಧ ದಿನದಲ್ಲಿ ಬರುತ್ತಾರೆ. ಕಾಫಿ ಇದೆ, ಕಾಲೇಜಿದೆ, 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲೂ ಇದೆ. ನಿಮ್ಮ ತೋಟದಲ್ಲಿ ಇಂಥದ್ದೇನಾದರೂ ಕೊಂಡು ಹಾಕಿದ್ದರೆ, ಅಥವಾ ಹಾಕೋಕೆ ರೆಡಿ ಇದ್ದರೆ, ಕೆಳಗೆ ಬರೆಯಿರಿ. ಮಾಡುವ ಹುಡುಗರು ಇಲ್ಲೇ ಓದುತ್ತಿರುತ್ತಾರೆ.