ಬೆರಳಿಗೆ ಸಿಗುವ ಉತ್ತರ

ಮೇಜಿನ ಮೇಲಿನ ಕೀಲಿಮಣೆಯಲ್ಲಿ ಕೀಲಿಯೊಂದನ್ನು ಒತ್ತಿದರೆ ಅದು ತಳ ಮುಟ್ಟುವವರೆಗೆ ಇಳಿಯುವ ದೂರ ಸುಮಾರು 4 ಮಿಲಿಮೀಟರು. ಲ್ಯಾಪ್‌ಟಾಪಿನಲ್ಲಾದರೆ ಬಹುತೇಕ ಅದರ ಅರ್ಧಕ್ಕೂ ಕಡಿಮೆ. ಇಷ್ಟು ಸಣ್ಣ ಹಾದಿಯಲ್ಲಿ ಏನೇನು ನಡೆಯಬೇಕು, ಯಾವುದು ಮೊದಲು ನಡೆಯಬೇಕು ಎಂಬುದರ ಮೇಲೆ ಪಕ್ಷ ಪಂಗಡಗಳೇ ಹುಟ್ಟಿಕೊಂಡಿವೆ ಎಂದರೆ, ಪರದೆಯ ಮೇಲೆ ಅಕ್ಷರ ಮೂಡಿದರೆ ಸಾಕೆನ್ನುವವರು ನಕ್ಕಾರು. ನಗಲಿ. ದಿನಕ್ಕೆ ಸಾವಿರಾರು ಬಾರಿ ಬೆರಳು ಕೇಳುವ ಪ್ರಶ್ನೆ ಒಂದೇ: ನಾನು ಒತ್ತಿದ್ದು ತಲುಪಿತೆ? ಈ ಪ್ರಶ್ನೆಗೆ, ಕೀಲಿಯ ಕೆಳಗೆ ಕೂತು ಒತ್ತನ್ನು ದಾಖಲಿಸುವ ಪ್ರತಿಯೊಂದು ಬಗೆಯ ಸ್ವಿಚ್ಚೂ ತನ್ನದೇ ರೀತಿಯಲ್ಲಿ ಉತ್ತರಿಸುತ್ತದೆ. ಆ ಉತ್ತರಗಳೆಲ್ಲವೂ ನಿಜವಲ್ಲ ಎಂಬುದೇ ಇದರ ಸ್ವಾರಸ್ಯ.

ಹೆಚ್ಚಿನವರ ಪಾಲಿಗೆ ಬರುವುದು ರಬ್ಬರ್ ಡೋಮ್. ಅದರ ಕೆಳಗೆ ಮೂರು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನದರಲ್ಲೂ ಕೆಳಗಿನದರಲ್ಲೂ ವಿದ್ಯುತ್ ಹರಿಯುವ ಗೆರೆಗಳು, ನಡುವಿನ ಹಾಳೆಯಲ್ಲಿ ಬರಿಯ ತೂತುಗಳು. ಕೀಲಿಯನ್ನು ಒತ್ತಿದಾಗ ರಬ್ಬರಿನ ಪುಟ್ಟ ಗುಮ್ಮಟ ಕುಸಿಯುತ್ತದೆ, ಬೆರಳಿಗೆ ಕೆಲಸ ಮುಗಿಯಿತೆನ್ನಿಸುತ್ತದೆ. ಆದರೆ ಮೇಲಿನ ಹಾಳೆ ಕೆಳಗಿನದನ್ನು ಮುಟ್ಟುವುದು ಗುಮ್ಮಟ ಪೂರ್ತಿ ಕುಸಿದು ತಳ ಸೇರಿದ ಮೇಲೆಯೇ. ಆದ್ದರಿಂದ ಇಂತಹ ಕೀಲಿಮಣೆಯಲ್ಲಿ ಪಳಗಿದವರು ಪ್ರತಿ ಅಕ್ಷರವನ್ನೂ ತಳದವರೆಗೆ ಕುಟ್ಟುವ ಅಭ್ಯಾಸ ಮಾಡಿಕೊಂಡಿರುತ್ತಾರೆ, ಬೇರೆ ಕೀಲಿಮಣೆಗೆ ಹೋದರೂ ಆ ಅಭ್ಯಾಸ ಬಿಡುವುದಿಲ್ಲ. ಲ್ಯಾಪ್‌ಟಾಪಿನ ಕೀಲಿಯಲ್ಲಿರುವುದೂ ಸಾಮಾನ್ಯವಾಗಿ ಇದೇ ರಬ್ಬರು. ಕೀಲಿ ವಾಲದಂತೆ ಅದರ ಸುತ್ತ ಕತ್ತರಿಯಾಕಾರದ ಎರಡು ಪ್ಲಾಸ್ಟಿಕ್ ಚೌಕಟ್ಟುಗಳನ್ನು ಕೂಡಿಸಿರುತ್ತಾರೆ, ಅಷ್ಟೆ.

ಪಂಗಡಗಳ ಜಗಳ ಶುರುವಾಗುವುದು ಮೆಕ್ಯಾನಿಕಲ್ ಸ್ವಿಚ್ಚುಗಳಲ್ಲಿ. 1980ರ ದಶಕದಲ್ಲಿ ಬಂದ, ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚು ಇವುಗಳಿಗೆಲ್ಲ ಮಾದರಿಯಾಯಿತು. ಅದರ ಪೇಟೆಂಟ್ ಅವಧಿ ಮುಗಿದ ಮೇಲೆ ಗ್ಯಾಟೆರಾನ್, ಕೈಲ್ ಮುಂತಾದ ಚೀನೀ ತಯಾರಕರು ಅದೇ ಅಚ್ಚನ್ನೂ, ಸ್ವಿಚ್ಚಿನ ಬಗೆಯನ್ನು ಗುರುತಿಸುವ ಅವೇ ಬಣ್ಣಗಳನ್ನೂ ಎತ್ತಿಕೊಂಡರು. ಒಂದು ಸ್ವಿಚ್ಚಿನ ಮುಚ್ಚಳವನ್ನು ಬಿಚ್ಚಿ ನೋಡಿದರೆ ಒಳಗಿರುವುದು ನಾಲ್ಕೇ ಸಾಮಾನು: ಒಂದು ಸ್ಪ್ರಿಂಗು, ನೆತ್ತಿಯ ಮೇಲೆ ಅಡ್ಡ ಉದ್ದ ಗೆರೆಯ ಕೂಡುಗುರುತಿರುವ ಪ್ಲಾಸ್ಟಿಕ್ ದಿಂಡು, ಎರಡು ತೆಳು ಲೋಹದ ಎಲೆಗಳು. ದಿಂಡಿನ ಪಕ್ಕದಲ್ಲಿರುವ ಎರಡು ಸಣ್ಣ ಕಾಲುಗಳು ಎಲೆಗಳು ಒಂದನ್ನೊಂದು ಮುಟ್ಟದಂತೆ ತಡೆದಿರುತ್ತವೆ, ದಿಂಡು ಅರ್ಧ ದಾರಿ ಇಳಿಯುವಷ್ಟರಲ್ಲಿ ಕಾಲುಗಳು ಜಾರಿ ಎಲೆಗಳು ಕೂಡಿಕೊಳ್ಳುತ್ತವೆ. ಕೆಂಪು ಸ್ವಿಚ್ಚಿನಲ್ಲಿ ಆ ಕಾಲುಗಳ ಇಳಿಜಾರು ನುಣುಪಾಗಿರುತ್ತದೆ. ಸುಮಾರು 45 ಗ್ರಾಂ ಒತ್ತಡಕ್ಕೆ ಕೀಲಿ ಒಂದೇ ಸಮನೆ ಇಳಿದುಹೋಗುತ್ತದೆ. ಕಪ್ಪಿನದೂ ಹಾಗೆಯೇ, ಸುಮಾರು 60 ಗ್ರಾಂ ಬೇಡುತ್ತದೆ. ಕಂದು ಸ್ವಿಚ್ಚಿನ ಕಾಲುಗಳ ಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಉಬ್ಬಿದೆ, ಬೆರಳಿಗೆ ತಗಲುವ ತಡೆ ಅದರದೇ. ಆ ತಡೆ ಸಿಗುವುದು ಎಲೆಗಳು ಕೂಡುವುದಕ್ಕೆ ತುಸು ಮೊದಲು. ಅಂದರೆ ಕಂದು ಸ್ವಿಚ್ಚು ಕೆಲಸ ಆಗುವ ಮುಂಚೆಯೇ ಆಯಿತೆಂದು ಹೇಳುವ ಜಾತಿಯದು.

ನೀಲಿಯದು ಬೇರೆಯೇ ಧಾಟಿ. ಅದರ ದಿಂಡಿಗೆ ಬಿಳಿಯ ಅಂಗಿಯೊಂದು ಸಡಿಲವಾಗಿ ಸುತ್ತಿಕೊಂಡಿರುತ್ತದೆ, ಕಾಲುಗಳಿರುವುದು ಆ ಅಂಗಿಗೆ. ದಿಂಡು ಇಳಿಯುವಾಗ ಅಂಗಿ ಸ್ವಲ್ಪ ತಡೆದು ನಿಂತು, ಆಮೇಲೆ ಒಮ್ಮೆಲೇ ಕೆಳಕ್ಕೆ ಚಿಮ್ಮಿ ಟಕ್ಕೆಂದು ಬಡಿಯುತ್ತದೆ. ಇಳಿಯುವಾಗ ಅದು ಹೇಳುವುದು ಹೆಚ್ಚುಕಡಿಮೆ ನಿಜ. ಏರುವಾಗ ಮಾತ್ರ ಲೆಕ್ಕ ತಪ್ಪುತ್ತದೆ: ಸಂಪರ್ಕ ಕೂಡಿದ ಜಾಗಕ್ಕಿಂತ ಸಾಕಷ್ಟು ಮೇಲೆ ಬಂದ ಹೊರತು ಅದು ಬಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಒಂದೇ ಕೀಲಿಯನ್ನು ಬೇಗಬೇಗ ಒತ್ತುವವರಿಗೆ ನೀಲಿ ಸೇರದು.

ನುಡಿದಂತೆ ನಡೆಯುವ ಸ್ವಿಚ್ಚೆಂದು ನಾನು ಒಪ್ಪುವುದು ಐಬಿಎಂ ಕಂಪನಿಯ ಬಕ್ಲಿಂಗ್ ಸ್ಪ್ರಿಂಗನ್ನು. 1985ರಲ್ಲಿ ಬಂದ ಮಾಡೆಲ್ ಎಂ ಎಂಬ, 2 ಕಿಲೋಗ್ರಾಮಿಗೂ ಮೀರಿ ತೂಗುವ ಕೀಲಿಮಣೆಯಲ್ಲಿ, ಒತ್ತಡಕ್ಕೆ ಕುಗ್ಗುತ್ತ ಬಂದ ಸ್ಪ್ರಿಂಗು ಒಂದು ಹಂತದಲ್ಲಿ ತಾಳಲಾರದೆ ಪಕ್ಕಕ್ಕೆ ಬಾಗಿಬಿಡುತ್ತದೆ. ಆ ಬಾಗಿನ ರಭಸಕ್ಕೆ ಬುಡದಲ್ಲಿರುವ ಪುಟ್ಟ ಸುತ್ತಿಗೆ ತಿರುಗಿ ಕೆಳಗಿನ ಹಾಳೆಯನ್ನು ಒತ್ತುತ್ತದೆ. ಬೆರಳಿಗೆ ಹಗುರವಾದದ್ದು, ಕಿವಿಗೆ ಕೇಳಿಸಿದ್ದು, ಅಕ್ಷರ ದಾಖಲಾದದ್ದು ಮೂರೂ ಒಂದೇ ಘಟನೆ. ಇಷ್ಟು ಪ್ರಾಮಾಣಿಕತೆಗೆ ತೆರಬೇಕಾದ ಬೆಲೆ, ಅದರ ಸದ್ದು ಎರಡು ಗೋಡೆ ದಾಟುವುದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತಕರಾರು ಉಳಿಯುತ್ತದೆ. ನಿಮಿಷಕ್ಕೆ 60 ಇಂಗ್ಲಿಷ್ ಪದಗಳ ವೇಗವೆಂದರೆ, ಪದಕ್ಕೆ ಐದು ಅಕ್ಷರದ ಲೆಕ್ಕದಲ್ಲಿ, ಸೆಕೆಂಡಿಗೆ ಐದು ಒತ್ತು. ಈ ಅವಸರದಲ್ಲಿ ಯಾವ ಬೆರಳೂ ಅರ್ಧ ದಾರಿಯಲ್ಲಿ ನಿಂತು ಉತ್ತರಕ್ಕಾಗಿ ಕಾಯುವುದಿಲ್ಲ. ಈ ಬೆರಳು ಇಳಿಯುವಾಗಲೇ ಮುಂದಿನದು ಹೊರಟಿರುತ್ತದೆ. ಹಾಗಿದ್ದರೂ ಸ್ವಿಚ್ಚು ಬದಲಾದರೆ ಬರೆಯುವ ಓಟವೇ ಬದಲಾಗುವುದೇಕೆ? ಹಾಡುವವರು ಒಂದೊಂದು ತಾಳವನ್ನೂ ಎಣಿಸುತ್ತ ಕೂರುವುದಿಲ್ಲ, ಆದರೆ ತಾಳ ನಿಂತರೆ ಹಾಡು ಮುಗ್ಗರಿಸುತ್ತದೆ. ಸ್ವಿಚ್ಚಿನ ಉತ್ತರವೂ ಆ ಒಂದು ಅಕ್ಷರಕ್ಕೆ ಕೊಟ್ಟ ರಸೀದಿಯಾಗಿರದೆ, ಕೈಗಳಿಗೆ ಸಿಗುವ ಲಯವಾಗಿರುತ್ತದೆ ಎಂದು ನನ್ನ ಅನಿಸಿಕೆ. ಲಯಕ್ಕೆ ತುಸು ಮುಂಚೆ ಬಿದ್ದರೂ ನಡೆಯುತ್ತದೆ, ಪ್ರತಿಸಲವೂ ಅಷ್ಟೇ ಮುಂಚೆ ಬಿದ್ದರಾಯಿತು. ಕಂದು ಸ್ವಿಚ್ಚನ್ನು ಅತ್ತಲೂ ಅಲ್ಲ ಇತ್ತಲೂ ಅಲ್ಲವೆಂದು ಹೀಗಳೆಯುವವರ ಜೊತೆ ನಾನು ಸೇರದಿರುವುದು ಈ ಕಾರಣಕ್ಕೆ.

ಈಚೆಗೆ ಕಂಪ್ಯೂಟರ್ ಆಟಗಾರರು ಮುಗಿಬಿದ್ದಿರುವ ಅಯಸ್ಕಾಂತದ ಸ್ವಿಚ್ಚುಗಳು ಈ ಚರ್ಚೆಯನ್ನೇ ತಲೆಕೆಳಗು ಮಾಡಿವೆ. ಭೌತವಿಜ್ಞಾನಿ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ, ವಿದ್ಯುತ್ ಹರಿಯುವ ವಸ್ತುವಿನ ಬಳಿ ಅಯಸ್ಕಾಂತ ಬಂದರೆ ಅಡ್ಡಲಾಗಿ ವೋಲ್ಟೇಜ್ ಮೂಡುವ ಪರಿಣಾಮವನ್ನು ಬಳಸಿ, ಇಳಿಯುತ್ತಿರುವ ಅಯಸ್ಕಾಂತ ಎಷ್ಟು ಹತ್ತಿರ ಬಂತೆಂದು ಇವು ಅಳೆಯುತ್ತವೆ. ಲೋಹಕ್ಕೆ ಲೋಹ ತಾಗುವುದಿಲ್ಲವಾದ್ದರಿಂದ ಎಲೆಗಳು ಅದುರಿ ಒಂದು ಒತ್ತಿಗೆ ಎರಡು ಅಕ್ಷರ ಬೀಳುವ ಕಾಟವಿಲ್ಲ. ಎಷ್ಟು ಆಳಕ್ಕೆ ಅಕ್ಷರ ದಾಖಲಾಗಬೇಕೆಂಬುದನ್ನು ತಂತ್ರಾಂಶದಲ್ಲಿ ನಾವೇ ನಿಗದಿ ಮಾಡಬಹುದು. ಆದರೆ ಇವುಗಳಲ್ಲಿ ಹೆಚ್ಚಿನವು ಕೆಂಪಿನ ಹಾಗೆ ನುಣ್ಣಗೆ ಇಳಿಯುವಂಥವು; ಬೆರಳಿನ ಚಲನೆಯನ್ನು ಎಲ್ಲರಿಗಿಂತ ನಿಖರವಾಗಿ ಬಲ್ಲ ಸ್ವಿಚ್ಚು ಬೆರಳಿಗೆ ಏನನ್ನೂ ಹೇಳುವುದಿಲ್ಲ.

ಬೆಸುಗೆಯಿಲ್ಲದೆ ಸ್ವಿಚ್ಚುಗಳನ್ನು ಕಿತ್ತು ಕೂರಿಸಬಹುದಾದ ಕೀಲಿಮಣೆಗಳು ಬಂದ ಮೇಲೆ ಒಂದೇ ಬಣ್ಣಕ್ಕೆ ನಿಷ್ಠರಾಗಿರುವ ಅಗತ್ಯವೂ ತಪ್ಪಿದೆ. ಎಲ್ಲಕ್ಕಿಂತ ದುರ್ಬಲವಾದ ಕಿರುಬೆರಳಿಗೇ ಶಿಫ್ಟು, ಎಂಟರುಗಳ ಹೊರೆ ಬಿದ್ದಿರುವುದರಿಂದ ಅದರ ಕೆಳಗೆ ಹಗುರವಾದ ಕೆಂಪು, ಉಳಿದ ಬೆರಳುಗಳಿಗೆ ಕಂದು ಎಂದು ಹಂಚಿಕೊಂಡಿದ್ದೇನೆ. ಬ್ಯಾಕ್‌ಸ್ಪೇಸಿಗೆ ಯಾವುದೆಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ: ಕೆಂಪು ಹಾಕಿದರೆ ಬರೆದದ್ದೆಲ್ಲ ತೀರಾ ಸಲೀಸಾಗಿ ಅಳಿಸಿಹೋಗುತ್ತದೆ, ನೀಲಿ ಹಾಕಿದರೆ ಎಷ್ಟು ಅಳಿಸಿದೆನೆಂಬುದು ಪಕ್ಕದ ಕೋಣೆಯವರಿಗೂ ತಿಳಿಯುತ್ತದೆ.